ಹನುಮಕ್ಕನ ಬಾಯಿಗೆ ಹಿಡಿದ ನೀಲಿ ದೀಪ

2007ನೇ ಇಸವಿ. ಆಗಸ್ಟ್ ತಿಂಗಳ ಮೊದಲ ವಾರವಿರಬೇಕು, ಆಷಾಢ ಇನ್ನೂ ಮುಗಿದಿರಲಿಲ್ಲ. ಮದುವೆಗಳಿಲ್ಲದ ಕಾಲವಾದ್ದರಿಂದ ಗಡಿಯಾಚೆ ಆಂಧ್ರದ ಕಲ್ಯಾಣದುರ್ಗದ ಒಂದು ಕಲ್ಯಾಣ ಮಂಟಪ ಖಾಲಿ ಸಿಕ್ಕಿತ್ತು. ಅಲ್ಲಿ ಬಾಯಿ ಕ್ಯಾನ್ಸರ್ ತಪಾಸಣೆಯ ಶಿಬಿರ. ಹೊರಗಿನ ಹಾಲ್‌ನಲ್ಲಿ ಡಾಕ್ಟರು, ನರ್ಸುಗಳು, ಸಾಲುಗಟ್ಟಿದ ಜನ, ಗದ್ದಲ. ಒಳಗೆ ಪಾತ್ರೆ ಇಡುವ ಉಗ್ರಾಣದಲ್ಲಿ, ಕೊಳದಪ್ಪಲೆಗಳ ನಡುವೆ, ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು ನಾನೊಬ್ಬಳೇ ಕೂತಿದ್ದೆ.

ನಾನು ವೈದ್ಯೆಯಲ್ಲ. ಭೌತಶಾಸ್ತ್ರ ಓದಿದವಳು. ಹೆಸರಿನ ಹಿಂದೆ ಡಾಕ್ಟರ್ ಅಂತ ಇದೆ, ಆದರೆ ನೆಗಡಿಗೂ ಮಾತ್ರೆ ಬರೆಯಲು ಬಾರದು. ಹಿಂದೂಪುರದ ನಮ್ಮ ದೊಡ್ಡಮ್ಮ ಇದನ್ನೇ ಇಟ್ಟುಕೊಂಡು ನನ್ನನ್ನು ಗೇಲಿ ಮಾಡುತ್ತಿದ್ದಳು. ಯಾರಾದರೂ ಕೇಳಿದರೆ, "ನಮ್ಮುಡುಗಿ ಡಾಕ್ಟ್ರೇ ಕಣಮ್ಮ, ಆದ್ರೆ ಮೈಗಲ್ಲ, ಬೆಳಕಿಗೆ" ಅನ್ನುತ್ತಿದ್ದಳು. ನಿಜ ಹೇಳಬೇಕೆಂದರೆ ನನ್ನ ಕೆಲಸವನ್ನು ಅದಕ್ಕಿಂತ ಚೆನ್ನಾಗಿ ಯಾರೂ ವಿವರಿಸಿಲ್ಲ.

ನಮ್ಮದು ಹಿಂದೂಪುರದ ನೇಕಾರರ ಮನೆ. ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದರು, ಮಗ್ಗದಲ್ಲಿ ಕೂತಷ್ಟು ಹೊತ್ತೂ ಎಲೆಯಡಿಕೆ, ಹೊಗೆಸೊಪ್ಪು. ನಾನು ಎಂ.ಎಸ್ಸಿ. ಓದುವಾಗ ಅವರ ಕೆನ್ನೆಯೊಳಗೆ ಹುಣ್ಣಾಯಿತು. ಆಪರೇಷನ್ ಮಾಡಿದರು. ಎಲ್ಲ ತೆಗೆದಿದ್ದೇವೆ ಅಂದರು. ವರ್ಷ ತುಂಬುವುದರೊಳಗೆ ಅದು ಮತ್ತೆ ಬಂತು. "ಅಂಚಿನಲ್ಲಿ ಸ್ವಲ್ಪ ಉಳಿದುಬಿಟ್ಟಿತ್ತು, ಕಣ್ಣಿಗೆ ಕಾಣಲ್ಲ" ಎಂದರು ಡಾಕ್ಟರು. ಅಪ್ಪ ಅರ್ಧ ಬಾಯಲ್ಲೇ ನಕ್ಕು, "ಜೀವ್ನ ಪೂರ್ತಿ ಅಂಚು ನೇಯ್ದೋನು ಕಣಮ್ಮ ನಾನು. ನಂಗೇ ಅಂಚು ತಪ್ಪಿಸ್ಬುಟ್ರು" ಎಂದಿದ್ದರು. ಅವರು ಹೋದ ಮೇಲೆ ಆ ಮಾತು ನನ್ನನ್ನು ಬಿಡಲಿಲ್ಲ. ಕಣ್ಣಿಗೆ ಕಾಣದ ಅಂಚನ್ನು ಕಾಣಿಸುವುದು ಹೇಗೆ? ನನ್ನ ಹದಿನೈದು ವರ್ಷ ಈ ಒಂದು ಪ್ರಶ್ನೆಗೇ ಹೋಯಿತು.

ಉತ್ತರ ಕೇಳಲು ಸುಲಭ. ನೀಲಿ ಬೆಳಕು ಬಿಟ್ಟರೆ ಬಾಯೊಳಗಿನ ಆರೋಗ್ಯವಾದ ಚರ್ಮ ತನ್ನಷ್ಟಕ್ಕೆ ಮಂದವಾಗಿ ಹಸಿರು ಮಿನುಗುತ್ತದೆ. ಕ್ಯಾನ್ಸರ್ ಇರುವ ಕಡೆ ಆ ಮಿನುಗು ಇರುವುದಿಲ್ಲ, ಕಪ್ಪಾಗಿ ಕಾಣುತ್ತದೆ. ಹಳದಿ ಗಾಜಿನ ಮೂಲಕ ನೋಡಿದರೆ ಸರ್ಜನ್ನರಿಗೆ ಎಲ್ಲಿಯವರೆಗೆ ಕತ್ತರಿಸಬೇಕೆಂದು ಗೊತ್ತಾಗುತ್ತದೆ. ತೊಂದರೆಯೆಂದರೆ ಇದಕ್ಕೆ ಕತ್ತಲೆ ಬೇಕು. ಸರ್ಜನ್ನರಿಗೆ ಬೇಕಾದದ್ದು ಬೆಳಕು. ಆಪರೇಷನ್ ಥಿಯೇಟರಿನಲ್ಲಿ ನಿಂತು "ಸ್ವಲ್ಪ ಲೈಟ್ ಆಫ್ ಮಾಡ್ತೀರಾ?" ಎಂದು ಕೇಳುವ ಹೆಂಗಸನ್ನು ಯಾರು ತಾನೇ ಒಳಗೆ ಬಿಟ್ಟಾರು? ವರ್ಷಗಟ್ಟಲೆ ಬೆಂಗಳೂರಿನ ಲ್ಯಾಬಿನ ಕತ್ತಲ ಕೋಣೆಯಲ್ಲಿ ಒಬ್ಬಳೇ ಕೆಲಸ ಮಾಡಿದೆ. ಮಧ್ಯಾಹ್ನದ ಬುತ್ತಿಯನ್ನೂ ಅಲ್ಲೇ ಬಿಚ್ಚುತ್ತಿದ್ದೆ. ಕೆಲವು ದಿನ ಬಾಯಿಂದ ಒಂದು ಮಾತೂ ಹೊರಡದೆ ಸಂಜೆಯಾಗಿಬಿಡುತ್ತಿತ್ತು. ಮದುವೆಯ ಮಾತು ಎತ್ತುವವರೆಲ್ಲ ಒಬ್ಬೊಬ್ಬರಾಗಿ ಸುಮ್ಮನಾದರು.

ಕೊನೆಗೆ ಒಪ್ಪಿಕೊಂಡವರು ಡಾಕ್ಟರ್ ಸುಧಾಕರ್, ಬಾಯಿ ಕ್ಯಾನ್ಸರಿನ ಸರ್ಜನ್. ಮಾತು ಕಡಿಮೆ, ಕೋಪ ಜಾಸ್ತಿ. ಆ ಶಿಬಿರಕ್ಕೆ ಕರೆದದ್ದೂ ಅವರೇ. ಆದರೆ ಹೊರಡುವ ಮೊದಲೇ ಹೇಳಿದ್ದರು: "ನೋಡಿ ಮೇಡಂ, ನಿಮ್ಮ ದೀಪ ಇನ್ನೂ ಪರೀಕ್ಷೇಲಿದೆ. ನೀವು ನೋಡಿ, ಬರ್ಕೊಳ್ಳಿ. ರೋಗಿಗೆ ಏನೂ ಹೇಳ್ಬೇಡಿ. ಹೇಳೋದು ನಾನು."

ಅವತ್ತು ಮಧ್ಯಾಹ್ನ ಒಳಗೆ ಬಂದವಳು ಹನುಮಕ್ಕ. ಐವತ್ತರ ಆಸುಪಾಸು, ಕೂಲಿ ಕೆಲಸದವಳು. ಎಷ್ಟು ಎತ್ತರದ ಹೆಂಗಸೆಂದರೆ ಉಗ್ರಾಣದ ಬಾಗಿಲಿಗೆ ಹಣೆ ಧಡ್ ಎಂದು ಹೊಡೆಯಿತು.

"ಅಯ್ಯಪ್ಪೋ! ಈ ಬಾಗ್ಲು ಕುಳ್ಳರಿಗೆ ಅಂತಾನೇ ಮಾಡವ್ರೇನಮ್ಮಾ?" ಎಂದು ಹಣೆ ಉಜ್ಜಿಕೊಂಡಳು. ಕತ್ತಲಲ್ಲಿ ನನಗೆ ನಗು ಬಂತು. ಅವತ್ತು ನಾನು ನಕ್ಕಿದ್ದು ಅದೇ ಮೊದಲು.

ಅವಳ ಕೈಯಲ್ಲಿ ಡಾಕ್ಟರು ಬರೆದ ಚೀಟಿಯಿತ್ತು. "ಬೆಂಗ್ಳೂರಿಗೆ ಬಾ, ಹುಣ್ಣ ಒಂಚೂರು ಕೆತ್ತಿ ನೋಡ್ಬೇಕು ಅಂತಾರೆ. ಈಗ ಕಡ್ಲೆಕಾಯಿ ಹೊಲ್ದಾಗೆ ಕಳೆ ಕೀಳೋ ಟೈಮು. ನಾನು ಹೋದ್ರೆ ನನ್ನ ಸಾಲು ಯಾರು ಹಿಡೀತಾರೆ?" ಎಂದಳು. ನಾನು ಬಾಯಿ ತೆರೆಯಲು ಹೇಳಿದೆ. ಎಲೆಯಡಿಕೆ ಹಾಕಿ ಹಾಕಿ ಕೆಂಪಾದ ಬಾಯಿ. ಅರಿಶಿನದ ವಾಸನೆ ಬಂತು. ಉಗ್ರಾಣವೆಂದ ಮೇಲೆ ಸಾರು, ಅರಿಶಿನ, ಹಳೇ ಎಣ್ಣೆಯ ವಾಸನೆ ಇದ್ದದ್ದೇ ಅಂದುಕೊಂಡೆ.

ದೀಪ ಹಾಕಿದೆ. ಎಡಗೆನ್ನೆಯೊಳಗೆ ಹುಣ್ಣಿತ್ತು. ಆದರೆ ಅದು ಕಪ್ಪಾಗಿರಲಿಲ್ಲ! ಸುತ್ತಲಿನ ಚರ್ಮಕ್ಕಿಂತಲೂ ಹೆಚ್ಚಾಗಿ ಹಸಿರು ಹೊಳೆಯುತ್ತಿತ್ತು. ಅಷ್ಟು ಒಳ್ಳೆಯ ಹಸಿರನ್ನು ನಾನು ಯಾವ ಬಾಯಲ್ಲೂ ಕಂಡಿರಲಿಲ್ಲ. ಡಾಕ್ಟರ ಕಣ್ಣಿಗೆ ಅನುಮಾನ ಬಂದದ್ದನ್ನು ನನ್ನ ದೀಪ ಬರೀ ಹುಣ್ಣು ಅನ್ನುತ್ತಿದೆ! ಇಷ್ಟು ವರ್ಷ ಒಬ್ಬಳೇ ಕತ್ತಲಲ್ಲಿ ಕೂತದ್ದಕ್ಕೆ ಇವತ್ತು ಫಲ ಸಿಕ್ಕಿತು ಅಂದುಕೊಂಡೆ. ಜಂಬವೆಂದರೆ ಜಂಬ. ಬೇರೆ ಹೆಸರು ಕೊಡಲು ನನಗೆ ಮನಸ್ಸಿಲ್ಲ.

ಹನುಮಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. "ಏಮನ್ನಾ ಉಂದಾ ಅಮ್ಮಾ?" ಎಂದು ತೆಲುಗಿನಲ್ಲಿ ಕೇಳಿದಳು. ನಮ್ಮ ಕಡೆ ಭಯವಾದಾಗ ಮಾತು ಆ ಭಾಷೆಯಿಂದ ಈ ಭಾಷೆಗೆ ತಾನಾಗಿ ಜಾರುತ್ತದೆ. ಏನಾದರೂ ಇದೆಯಾ ಎಂಬ ಆ ಪ್ರಶ್ನೆಗೆ ನಾನು ಉತ್ತರಿಸಬಾರದಿತ್ತು.

"ಏಮೀ ಲೇದು ಅಕ್ಕಾ. ಏನೂ ಇಲ್ಲ. ಧೈರ್ಯವಾಗಿರಿ" ಅಂದೆ.

ಅವಳು ಎರಡೂ ಕೈಗಳಿಂದ ನನ್ನ ಕೆನ್ನೆ ಸವರಿ, ತನ್ನ ಹಣೆಯ ಪಕ್ಕ ನೆಟಿಕೆ ಮುರಿದು ದೃಷ್ಟಿ ತೆಗೆದಳು. ನನ್ನ ಮುಖವನ್ನು ಯಾರಾದರೂ ಮುಟ್ಟಿ ಎಷ್ಟು ಕಾಲವಾಗಿತ್ತೋ. ಅವಳು ಹೋದ ಮೇಲೆ ನೋಡಿದರೆ ಡಾಕ್ಟರ ಚೀಟಿ ಮುದುಡಿ ಒಂದು ಕೊಳದಪ್ಪಲೆಯೊಳಗೆ ಬಿದ್ದಿತ್ತು. ಎದ್ದು ಹೋಗಿ ಅವಳನ್ನು ಕರೆಯಬಹುದಿತ್ತು. ಕರೆಯಲಿಲ್ಲ. ಚೀಟಿಯನ್ನು ನೇರ ಮಾಡಿ ನನ್ನ ರಿಜಿಸ್ಟರಿನೊಳಗೆ ಗುರುತಿಗೆ ಇಟ್ಟುಕೊಂಡೆ. ಡಾಕ್ಟರಿಗೂ ಹೇಳಲಿಲ್ಲ. ಲೆಕ್ಕಾಚಾರವೆಲ್ಲ ಮುಗಿಸಿ, ಒಂದು ದಿನ ಅವರ ಮುಂದೆ ಇಟ್ಟು ಬೆರಗಾಗಿಸಬೇಕೆಂಬ ಆಸೆ ನನಗೆ.

ಮೂರು ವಾರದ ಮೇಲೆ ವರಮಹಾಲಕ್ಷ್ಮಿ ಹಬ್ಬ ಬಂತು. ಹಬ್ಬಕ್ಕೆ ಬಾರದಿದ್ದರೆ ದೊಡ್ಡಮ್ಮ ಸುಮ್ಮನಿರುವವಳಲ್ಲ. ಬೆಳಗಿನ ಪ್ಯಾಸೆಂಜರ್ ರೈಲು ಹಿಡಿದು ಹಿಂದೂಪುರಕ್ಕೆ ಹೋದೆ. ಶನಿವಾರ ಬೇರೆ ಕಡೆ ತೋರಿಸಬೇಕಿದ್ದುದರಿಂದ ದೀಪವೂ ಚೀಲದಲ್ಲೇ ಇತ್ತು.

ದೊಡ್ಡಮ್ಮನ ಬಗ್ಗೆ ಒಂದು ಮಾತು ಹೇಳಬೇಕು. ದೊಡ್ಡಪ್ಪ ನಾನು ಸ್ಕೂಲಿಗೆ ಹೋಗುವಾಗಲೇ ಸೀರೆ ಗಂಟು ಹೊತ್ತು ಮಾರಾಟಕ್ಕೆ ಹೋದವರು ತಿರುಗಿ ಬಂದಿರಲಿಲ್ಲ. ಎಲ್ಲಿ ಹೋದರು, ಏನಾದರು ಯಾರಿಗೂ ಗೊತ್ತಿಲ್ಲ. ಊರವರು ಕುಂಕುಮ ಅಳಿಸು ಅಂದರೆ ಅವಳು, "ಅವ್ನಿಲ್ಲ ಅಂತ ನೀವು ಕಂಡಿದ್ದೀರೇನ್ರೋ? ಕಂಡೋರು ಬಂದು ಹೇಳ್ಲಿ, ಅವತ್ತು ಬಿಡ್ತೀನಿ" ಎಂದು ಬಾಯಿ ಮುಚ್ಚಿಸಿದ್ದಳು. ಹೀಗಾಗಿ ಶುಕ್ರವಾರ ತಪ್ಪದೆ ಕೆನ್ನೆಗೆ, ಕಾಲಿಗೆ ಮಂದವಾಗಿ ಅರಿಶಿನ. ಹಬ್ಬದ ದಿನವಂತೂ ಕೇಳುವುದೇ ಬೇಡ.

ಪೂಜೆ, ಊಟ ಮುಗಿದ ಮೇಲೆ ಕರೆಂಟು ಹೋಯಿತು. ಮಗ್ಗದ ಕೋಣೆಗೆ ಕಿಟಕಿಯಿಲ್ಲ, ಹಗಲಲ್ಲೂ ಕತ್ತಲೆ. ದೊಡ್ಡಮ್ಮ ಗುಂಡಿ ಮಗ್ಗದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ಎಲೆ ಮಡಿಚುತ್ತಿದ್ದಳು. ಕತ್ತಲು ಸಿಕ್ಕಿತಲ್ಲ, ಬ್ಯಾಟರಿ ಸರಿಯಿದೆಯೇ ನೋಡೋಣವೆಂದು ದೀಪ ತೆಗೆದು ಸ್ವಿಚ್ ಒತ್ತಿದೆ.

"ಅಯ್ಯೋ ಅಯ್ಯೋ, ಇದೇನೇ, ನನ್ ಕಾಲು ಉರೀತೈತೆ!" ಎಂದು ದೊಡ್ಡಮ್ಮ ಕೂಗಿಕೊಂಡಳು.

ನೋಡಿದೆ. ಅವಳ ಎರಡು ಪಾದಗಳೂ ಗುಂಡಿಯ ಕತ್ತಲಲ್ಲಿ ಹಸಿರಾಗಿ ಹೊಳೆಯುತ್ತಿದ್ದವು. ಮೂರು ವಾರದ ಹಿಂದೆ ಹನುಮಕ್ಕನ ಬಾಯಲ್ಲಿ ಕಂಡ ಅದೇ ಹಸಿರು. ಒಂದು ಕ್ಷಣ ನನಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು.

ಉಗ್ರಾಣದಲ್ಲಿ ಬಂದ ಅರಿಶಿನದ ವಾಸನೆ ಪಾತ್ರೆಗಳದ್ದಾಗಿರಲಿಲ್ಲ. ನಮ್ಮ ಸೀಮೆಯಲ್ಲಿ ಗಾಯವಾದರೆ ಅರಿಶಿನ, ಹುಣ್ಣಾದರೆ ಅರಿಶಿನ. ಹನುಮಕ್ಕ ಆಸ್ಪತ್ರೆಗೆ ಬರುವ ಮೊದಲು ಮಾಡುವುದನ್ನೇ ಮಾಡಿ ಬಂದಿದ್ದಳು. ಎಲೆಯಡಿಕೆಯ ಕೆಂಪಿನಲ್ಲಿ ಆ ಹಳದಿ ನನಗೆ ಕಾಣಲಿಲ್ಲ. ನಾನು ಓದಿದ ಯಾವ ಲೇಖನದಲ್ಲೂ ಇದರ ಬಗ್ಗೆ ಬರೆದಿರಲಿಲ್ಲ, ಸರಿ. ಆದರೆ ನಾನು ಅರಿಶಿನ ಅರೆಯುವ ಮನೆಯಲ್ಲೇ ಹುಟ್ಟಿದವಳು. ನನಗಲ್ಲದೆ ಇನ್ಯಾರಿಗೆ ಹೊಳೆಯಬೇಕಿತ್ತು?

ಅಡುಗೆಮನೆಗೆ ಓಡಿ ಒಂದು ಚಿಟಿಕೆ ಅರಿಶಿನವನ್ನು ನನ್ನ ಕೆನ್ನೆಯೊಳಗೇ ಸವರಿಕೊಂಡೆ. ಕನ್ನಡಿ ಹಿಡಿದು ದೀಪ ಹಾಕಿ ನೋಡಿದೆ. ಅದೇ ಹಸಿರು. ನೀರು ಮುಕ್ಕಳಿಸಿದೆ, ಮತ್ತೆ ನೋಡಿದೆ. ಹೋಗಿರಲಿಲ್ಲ. ನನ್ನ ಅವಸ್ಥೆ ನೋಡುತ್ತಿದ್ದ ದೊಡ್ಡಮ್ಮ, "ಅರಿಶ್ಣ ನೀರಿಗೆ ಹೋಯ್ತದೇನೇ ಹುಚ್ಚಿ? ಎಣ್ಣೆ ಹಚ್ಚಿ ಒರಸು" ಎಂದಳು. ಬಟ್ಟೆಗೆ ಕಡಲೆಕಾಯಿ ಎಣ್ಣೆ ಹಚ್ಚಿ ಒರೆಸಿದೆ. ಎರಡನೇ ಸಲಕ್ಕೆ ಹೊಳಪು ಹೋಯಿತು. ನನ್ನ ಹದಿನೈದು ವರ್ಷದ ವಿದ್ಯೆಗೆ ತಿಳಿಯದ್ದು ಅವಳ ನಾಲಿಗೆಯ ತುದಿಯಲ್ಲಿತ್ತು.

ಗೋಡೆಗೆ ಒರಗಿ ಅತ್ತುಬಿಟ್ಟೆ. ದೊಡ್ಡಮ್ಮ ಗುಂಡಿಯಿಂದ ಅರಿಶಿನದ ಕಾಲು ಎತ್ತಿಕೊಂಡು ಬಂದು ಪಕ್ಕದಲ್ಲಿ ಕೂತಳು. ನನಗೆ ಎಲ್ಲಕ್ಕಿಂತ ಭಯವಾದದ್ದು ಡಾಕ್ಟರಿಗೆ ಫೋನ್ ಮಾಡಲು. ಮಾಡಿದೆ. ಎಲ್ಲ ಹೇಳಿದೆ. ನಾನು ರೋಗಿಗೆ ಏನೂ ಇಲ್ಲ ಅಂದದ್ದನ್ನೂ, ಚೀಟಿ ಸಿಕ್ಕಿಯೂ ಸುಮ್ಮನಿದ್ದದ್ದನ್ನೂ ಹೇಳಿದೆ.

"ಮೊದ್ಲು ಅವರನ್ನ ಹುಡುಕಿ ಕರ್ಕೊಂಡು ಬನ್ನಿ. ಬೈಯೋದು ಆಮೇಲೆ" ಎಂದು ಫೋನಿಟ್ಟರು.

ಮಾರನೇ ದಿನ ಬೆಳಗ್ಗೆ ಮೊದಲ ಬಸ್ಸು ಹತ್ತಿದೆ. ಹಿಂದೂಪುರದಿಂದ ಮಡಕಶಿರಾ, ಅಲ್ಲಿಂದ ಪಾವಗಡ, ಪಾವಗಡದಿಂದ ಕಲ್ಯಾಣದುರ್ಗ. ಆಂಧ್ರ ಬಿಟ್ಟು ಕರ್ನಾಟಕಕ್ಕೆ ಬಂದು ಮತ್ತೆ ಆಂಧ್ರಕ್ಕೆ ಹೋಗುವ ದಾರಿ. ಪಕ್ಕದ ಸೀಟಿನಲ್ಲಿ ಕೂತವರೆಲ್ಲ ಇಳಿದು ಹೋಗುತ್ತಿದ್ದರು, ಹೊಸಬರು ಬರುತ್ತಿದ್ದರು. ಮಡಿಲಲ್ಲಿ ದೀಪದ ಚೀಲ, ಒಂದು ಸಣ್ಣ ಸೀಸೆಯಲ್ಲಿ ಎಣ್ಣೆ. ಅಷ್ಟು ದೂರ ಹೋಗುವಾಗ ಎರಡೇ ಲೆಕ್ಕ ಮನಸ್ಸಿನಲ್ಲಿ: ಮೂರು ವಾರದಲ್ಲಿ ಅದು ಎಷ್ಟು ಬೆಳೆದಿರಬಹುದು, ಅಪ್ಪನಿಗೆ ಎಷ್ಟು ವಾರದಲ್ಲಿ ಎಷ್ಟು ಬೆಳೆದಿತ್ತು. ಬಸ್ಸು ಪ್ರತಿ ಸ್ಟಾಪಿನಲ್ಲಿ ನಿಂತಾಗಲೂ ಡ್ರೈವರನ ಮೇಲೆ ಸಿಟ್ಟು ಬರುತ್ತಿತ್ತು.

ರಿಜಿಸ್ಟರಿನಲ್ಲಿ ನಾನು ಬರೆದುಕೊಂಡದ್ದು ಇಷ್ಟೇ: ಹನುಮಕ್ಕ, ಬ್ರಹ್ಮಸಮುದ್ರ. ಅದು ಹತ್ತಾರು ಊರು ಸೇರಿದ ಮಂಡಲದ ಹೆಸರೋ ಒಂದು ಊರಿನ ಹೆಸರೋ ಎಂದು ಕೂಡ ಕೇಳಿಕೊಂಡಿರಲಿಲ್ಲ. ಬ್ರಹ್ಮಸಮುದ್ರದಲ್ಲಿ ಇಳಿದು ಟೀ ಅಂಗಡಿಯಲ್ಲಿ ಕೇಳಿದರೆ ಅಂಗಡಿಯವನು ನಕ್ಕುಬಿಟ್ಟ.

"ಯಾವ ಹನುಮಕ್ಕ ಬೇಕಮ್ಮಾ? ಕುರಿ ಹನುಮಕ್ಕನಾ, ಬೋರಿನ ಹನುಮಕ್ಕನಾ, ಪೊಡುಗು ಹನುಮಕ್ಕನಾ? ಪಕ್ಕದೂರಾಗೆ ಇನ್ನೂ ಮೂರು ಜನ ಅವ್ರೆ."

ತೆಲುಗಿನಲ್ಲಿ ಪೊಡುಗು ಅಂದರೆ ಎತ್ತರ. ಉಗ್ರಾಣದ ಬಾಗಿಲಿಗೆ ಹಣೆ ಹೊಡೆದ ಸದ್ದು ನೆನಪಾಯಿತು. "ಪೊಡುಗು ಹನುಮಕ್ಕ! ಪೊಡುಗು ಹನುಮಕ್ಕನೇ!" ಎಂದು ಕೂಗಿಬಿಟ್ಟೆ. ಅಂಗಡಿಯವನು ದಾರಿ ತೋರಿಸಿದ.

ಅರ್ಧ ಗಂಟೆ ನಡೆದ ಮೇಲೆ ಕಡಲೆಕಾಯಿ ಹೊಲದಲ್ಲಿ ಹೆಂಗಸರು ಸಾಲಾಗಿ ಬಗ್ಗಿ ಕಳೆ ಕೀಳುತ್ತಿದ್ದರು. ಎದ್ದು ನಿಂತವರಲ್ಲಿ ಎಲ್ಲರಿಗಿಂತ ಎತ್ತರದವಳು ಹನುಮಕ್ಕ. ನನ್ನನ್ನು ನೋಡಿದ್ದೇ ಕಳೆ ಕೀಳುವ ಕುಡುಗೋಲು ಬಿಟ್ಟು ಓಡಿ ಬಂದಳು.

"ಇವ್ರೇ ಕಣ್ರೇ, ನೀಲಿ ದೀಪದಮ್ಮ! ಏಮೀ ಲೇದು ಅಂದೋರು! ನೀವು ಹಂಗಂದಿದ್ದೇ ಅಂದಿದ್ದು, ಅವತ್ತಿಂದ ಕಣ್ತುಂಬಾ ನಿದ್ದೆ ಬತ್ತೈತೆ ನಂಗೆ" ಎಂದು ಎಲ್ಲರಿಗೂ ತೋರಿಸಿದಳು. ಅವಳ ಎಡಗೆನ್ನೆ ಸ್ವಲ್ಪ ಊದಿತ್ತು.

ನನ್ನ ಜೀವನದಲ್ಲಿ ಅಷ್ಟು ಕಷ್ಟಪಟ್ಟು ಯಾವ ಮಾತನ್ನೂ ಆಡಿಲ್ಲ. ಬದುವಿನ ಮೇಲೆ ಕೂರಿಸಿಕೊಂಡು, "ಅಕ್ಕಾ, ಅವತ್ತು ನಾನು ತಪ್ಪು ಹೇಳಿದೆ. ನೀವು ಹುಣ್ಣಿಗೆ ಅರಿಶಿನ ಹಚ್ಚಿದ್ರಾ?" ಎಂದು ಕೇಳಿದೆ.

"ಹಚ್ಚದೆ? ದಿನಾ ಹಚ್ತೀನಿ. ಯಾಕಮ್ಮಾ?"

ಹೇಳಿದೆ. ಅವಳ ಮುಖ ಬಿಗಿದುಕೊಂಡಿತು. ಎದ್ದು ನಿಂತುಬಿಟ್ಟಳು. "ಅವತ್ತು ಇಲ್ಲ ಅಂದ ಬಾಯಿ ಇವತ್ತು ಐತೆ ಅಂತೈತೆ. ನಾಳೆ ಏನಂತೀಯೋ? ಅರಿಶ್ಣಕ್ಕೂ ಕಾಯ್ಲೆಗೂ ವ್ಯತ್ಯಾಸ ಗೊತ್ತಾಗ್ದೇ ಇರೋ ದೀಪ ಯಾತಕ್ಕಮ್ಮಾ ಹೊತ್ಕೊಂಡು ತಿರುಗ್ತೀಯಾ? ನಾನು ಎಲ್ಲಿಗೂ ಬರಾಕಿಲ್ಲ. ಹೋಗು."

ಸರಿಯಾದ ಮಾತೇ. ಅವಳು ಸಾಲಿಗೆ ಹೋಗಿ ಬಗ್ಗಿ ಕಳೆ ಕೀಳತೊಡಗಿದಳು. ನಾನು ಬದುವಿನ ಮೇಲೆ ಕೂತೇ ಇದ್ದೆ. ಬಿಸಿಲು ಏರಿತು. ಬುತ್ತಿಯ ಹೊತ್ತಿಗೆ ಹೆಂಗಸರೆಲ್ಲ ಮರದ ಕೆಳಗೆ ಹೋದರು. ಹನುಮಕ್ಕ ನನ್ನ ಕಡೆ ನೋಡಲಿಲ್ಲ. ಆದರೆ ಸ್ವಲ್ಪ ಹೊತ್ತಿಗೆ ಅರ್ಧ ಮುದ್ದೆ, ಸೊಪ್ಪಿನ ಸಾರು ಹಿಡಿದು ಬಂದು ನನ್ನ ಮುಂದಿಟ್ಟು, "ತಿನ್ನು. ಬೈದೋರ ಹೊಲ್ದಾಗೆ ಉಪವಾಸ ಕೂರಬ್ಯಾಡ" ಎಂದಳು. ತಿಂದೆ. ಅವಳಿಗೆ ಆ ಹುಣ್ಣಿನ ಉರಿಗೆ ಮುದ್ದೆ ನುಂಗಲು ಆಗುತ್ತಿರಲಿಲ್ಲವೆಂದು ಆಮೇಲೆ ಗೊತ್ತಾಯಿತು.

ಕೈ ತೊಳೆದು, "ಅಕ್ಕಾ, ನನ್ನ ಮಾತು ನಂಬಬೇಡಿ. ನೀವೇ ನಿಮ್ಮ ಕಣ್ಣಿಂದ ನೋಡ್ಕೊಳ್ಳಿ. ಆಮೇಲೆ ಬೇಡ ಅಂದ್ರೆ ಹೋಗ್ಬಿಡ್ತೀನಿ" ಅಂದೆ. ಅವಳು ಮನೆಯ ಕಡೆ ನಡೆದಳು, ನಾನು ಹಿಂದೆ ಹೋದೆ.

ಮನೆಯ ತಗಡಿನ ಮಾಡಿನಲ್ಲೆಲ್ಲ ತೂತು, ಕತ್ತಲೇ ಇರಲಿಲ್ಲ. ಎಳೆಗೂಸನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಸೊಸೆ, "ಕಂಬಳಿ ಹೊದ್ಕೊಳ್ರಿ ಅತ್ತೆ" ಎಂದು ಕರಿ ಕಂಬಳಿ ತೆಗೆದುಕೊಟ್ಟಳು. ನಾನೂ ಹನುಮಕ್ಕನೂ ಎದುರುಬದುರು ಕೂತು ತಲೆಯ ಮೇಲೆ ಕಂಬಳಿ ಹೊದ್ದೆವು. ಒಳಗೆ ಉಣ್ಣೆಯ ವಾಸನೆ, ಸೆಕೆ. ಬಟ್ಟೆಗೆ ಎಣ್ಣೆ ಹಚ್ಚಿ ಅವಳ ಕೆನ್ನೆಯೊಳಗೆ ಮೆಲ್ಲಗೆ ಒರೆಸಿದೆ. ಉರಿಗೆ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡಳು. ಮತ್ತೆ ಒರೆಸಿದೆ. ಆಮೇಲೆ ಅವಳ ಕೈಗೆ ಕನ್ನಡಿ ಕೊಟ್ಟು, ಕಣ್ಣಿನ ಮುಂದೆ ಹಳದಿ ಗಾಜು ಹಿಡಿದು, ದೀಪ ಹಾಕಿದೆ.

ಬಾಯಿ ಪೂರ್ತಿ ಮಂದ ಹಸಿರು. ನಡುವೆ ಎಡಗೆನ್ನೆಯಲ್ಲಿ ಕಪ್ಪು.

ಅವಳು ಬಹಳ ಹೊತ್ತು ನೋಡಿದಳು. "ಇದೇನಮ್ಮಾ, ಬಾಯಾಗೆ ಬಾವಿ ತೋಡ್ದಂಗೈತೆ" ಎಂದಳು. ದನಿ ಸಣ್ಣಗಾಗಿತ್ತು. ನಾನು ದೀಪ ಆರಿಸಿದೆ. ಕಂಬಳಿ ತೆಗೆಯಲು ಇಬ್ಬರಿಗೂ ಮನಸ್ಸಾಗಲಿಲ್ಲ. ಕತ್ತಲಲ್ಲೇ ಅವಳು ಕೇಳಿದಳು, "ನಿಂಗ್ಯಾರವ್ರೆ ಮನ್ಯಾಗೆ?"

"ಹಿಂದೂಪುರದಲ್ಲಿ ದೊಡ್ಡಮ್ಮ ಒಬ್ರು ಇದ್ದಾರೆ."

"ಅಷ್ಟೇನಾ?"

"ಅಷ್ಟೇ ಅಕ್ಕಾ."

ಕಂಬಳಿ ಸರಿಸಿದ ಮೇಲೆ ನಾನು ರಿಜಿಸ್ಟರಿನಿಂದ ಆ ಮುದುಡಿದ ಚೀಟಿ ತೆಗೆದು ಅವಳ ಕೈಯಲ್ಲಿಟ್ಟೆ. ಈ ಸಲ ಅವಳು ಅದನ್ನು ಮಡಿಚಿ ಎಲೆಯಡಿಕೆ ಚೀಲದೊಳಗೆ ಸೇರಿಸಿದಳು. "ನಾಳೆ ಬತ್ತೀನಿ. ನೀನು ಜತೆಗಿರ್ಬೇಕು" ಎಂದಳು.

ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿದರು. ಕ್ಯಾನ್ಸರೇ. ಇನ್ನೂ ಕೆನ್ನೆ ಬಿಟ್ಟು ಆಚೆ ಹೋಗಿರಲಿಲ್ಲ. ಮಗ ಕುರಿ ಹೊಡೆದುಕೊಂಡು ದೂರ ಹೋಗಿದ್ದ, ಸೊಸೆ ಬಾಣಂತಿ. ಹಾಗಾಗಿ ಆಸ್ಪತ್ರೆಯಲ್ಲಿ ಜೊತೆಗಿದ್ದವಳು ನಾನೇ. ಸೇರಿಸುವ ಫಾರಂನಲ್ಲಿ ‘ರೋಗಿಗೆ ಏನಾಗಬೇಕು?’ ಎಂದು ಕೇಳಿದ್ದ ಕಡೆ ಪೆನ್ನು ನಿಂತುಬಿಟ್ಟಿತು. ಇವಳಿಗೆ ತಪ್ಪು ಹೇಳಿದವಳು ಅಂತ ಬರೆಯಲೇ? ಹನುಮಕ್ಕ ಇಣುಕಿ, "ಅದ್ಯಾಕೆ ಅಷ್ಟು ಯೋಚ್ನೆ? ತಂಗಿ ಅಂತ ಬರಿ" ಎಂದಳು. ಬರೆದೆ.

ಆಪರೇಷನ್ ದಿನ ಸ್ಟ್ರೆಚರಿನ ಮೇಲೆ ಮಲಗಿಕೊಂಡೇ ಕೇಳಿದಳು, "ಏಮೀ ಕಾದು ಕದಮ್ಮಾ?" ಏನೂ ಆಗಲ್ಲ ಅಲ್ವಾ ಎಂದು. ಹೌದು ಎನ್ನಲು ಬಾಯಿ ಬರಲಿಲ್ಲ. "ಒಳಗೆ ನಾನೂ ಇರ್ತೀನಿ ಅಕ್ಕಾ" ಎಂದಷ್ಟೇ ಅಂದೆ.

ನಾನು ಎಣ್ಣೆ ಹಚ್ಚಿ ಒರೆಸಿದ ಮೇಲೆ ಡಾಕ್ಟರು, "ಲೈಟ್ ಆಫ್ ಮಾಡಿ" ಎಂದರು. ಮೊದಲ ಸಲ ಆ ಮಾತು ಬೇರೆಯವರ ಬಾಯಿಂದ ಕೇಳಿದೆ. ಹಳದಿ ಗಾಜಿನಲ್ಲಿ ಕಪ್ಪು ಕಾಣಿಸಿತು. ಕಣ್ಣಿಗೆ ಕಾಣುವ ಹುಣ್ಣು ಮುಗಿದ ಮೇಲೂ ಒಂದು ಪಕ್ಕದಲ್ಲಿ ಕಡಲೆಬೇಳೆಯಷ್ಟು ದೂರ ಅದು ಹರಡಿತ್ತು. ಡಾಕ್ಟರು ಬಗ್ಗಿ ನೋಡಿ, ಆ ಕಪ್ಪು ಮುಗಿದ ಮೇಲೆ ಇನ್ನೂ ಸ್ವಲ್ಪ ಜಾಗ ಬಿಟ್ಟು ಪೆನ್ನಿನಿಂದ ಗೆರೆ ಎಳೆದರು. "ಇದು ನನಗೆ ಕಂಡಿರ್ಲಿಲ್ಲ" ಎಂದರು. ಆಮೇಲೆ ಲೈಟ್ ಹಾಕಿದರು. ನನ್ನ ಕೆಲಸ ಐದು ನಿಮಿಷದಲ್ಲಿ ಮುಗಿದಿತ್ತು. ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತೆ. ಅಪ್ಪ ಇದ್ದಿದ್ದರೆ ಅವರಿಗೆ ಹೇಳಬಹುದಿತ್ತು ಅನ್ನಿಸಿ ಕಣ್ಣು ತುಂಬಿತು. ಅಪ್ಪಾ, ಅಂಚು ಸಿಕ್ಕಿತು ಅಂತ.

ಡಾಕ್ಟರು ಮಾತು ಮರೆಯುವವರಲ್ಲ. ಅಂಚು ಪೂರ್ತಿ ಶುದ್ಧವಾಗಿದೆ ಎಂದು ಲ್ಯಾಬಿನ ರಿಪೋರ್ಟು ಬಂದ ದಿನ ಕರೆದು ಬೈದರು. "ದೀಪ ತಪ್ಪು ಮಾಡಲಿಲ್ಲ ಮೇಡಂ. ನೀವು ಮಾಡಿದ್ರಿ" ಎಂದು ಶುರುವಾಗಿ ಬಹಳ ಹೊತ್ತು ಬೈದರು. ಎಲ್ಲ ಕೇಳಿಕೊಂಡೆ. ಅದಾದ ಮೇಲೆ ನಮ್ಮ ತಪಾಸಣೆಯ ಫಾರಂನಲ್ಲಿ ಮೊದಲನೆಯ ಪ್ರಶ್ನೆಯಾಗಿ ‘ಬಾಯಿಗೆ ಅರಿಶಿನ ಹಚ್ಚಿದ್ದೀರಾ?’ ಎಂದು ಸೇರಿಸಿದೆ. ಹೊರದೇಶದಿಂದ ಬಂದ ಒಬ್ಬ ವಿಜ್ಞಾನಿ ಅದನ್ನು ಓದಿ ನಕ್ಕರು. ನಾನು ನಗಲಿಲ್ಲ.

ಎರಡು ವರ್ಷದ ಮೇಲೆ, 2009ರಲ್ಲಿ, ಮತ್ತೊಂದು ಶಿಬಿರ ಮುಗಿಸಿ ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಳೇ ನಿಂತಿದ್ದೆ. ಹಿಂದಿನಿಂದ ಯಾರೋ ನನ್ನ ಜಡೆ ಹಿಡಿದೆಳೆದರು. ತಿರುಗಿದರೆ ಹನುಮಕ್ಕ. ಕೆನ್ನೆ ಒಳಕ್ಕೆ ಎಳೆದುಕೊಂಡಿತ್ತು, ಮಾತು ಸ್ವಲ್ಪ ತೊದಲು. ಆದರೆ ಎತ್ತರ ಅಷ್ಟೇ. ತಪ್ಪದೆ ಬೆಂಗಳೂರಿಗೆ ಹೋಗಿ ತೋರಿಸಿಕೊಂಡು ಬರುತ್ತಿದ್ದಳೆಂದು ಡಾಕ್ಟರು ಹೇಳಿದ್ದರು. ಅಷ್ಟು ಜನರ ನಡುವೆ, ಬಿಸಿಲಿಗೆ ಮುಖ ಮಾಡಿ ಬಾಯಿ ಅಗಲವಾಗಿ ತೆರೆದಳು. "ನೋಡು!"

ದೀಪವಿಲ್ಲದೆ, ಬರೀ ಕಣ್ಣಿಂದ ನೋಡಿದೆ. "ನನ್ನ ಕಣ್ಣಿಗೆ ಕಾಣೋ ಮಟ್ಟಿಗೆ ಚೆನ್ನಾಗಿದೆ ಅಕ್ಕಾ. ಆದ್ರೂ ಡಾಕ್ಟರಿಗೆ ತೋರಿಸ್ತಾ ಇರಿ" ಅಂದೆ.

"ಈಗ ಬುದ್ಧಿ ಬಂತು ನಿಂಗೆ" ಎಂದು ನಕ್ಕಳು. "ದೊಡ್ಡಮ್ಮ ಹೆಂಗವ್ರೆ?"

"ಹೋಗಿಬಿಟ್ರು ಅಕ್ಕಾ. ಸಂಕ್ರಾಂತಿ ಆದ್ಮೇಲೆ." ಕೊನೆಯ ದಿನವೂ ಅವಳ ಕಾಲಿನಲ್ಲಿ ಅರಿಶಿನವಿತ್ತೆಂದು ಹೇಳಬೇಕೆನ್ನಿಸಿತು.

"ಮತ್ತೆ ಈಗ ನಿಂಗ್ಯಾರವ್ರೆ?"

"ಯಾರೂ ಇಲ್ಲ" ಅಂದೆ.

ಹನುಮಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಬ್ರಹ್ಮಸಮುದ್ರದ ಬಸ್ಸು ಹಾರ್ನ್ ಹೊಡೆಯಿತು. ಅವಳು ಗಂಟು ಎತ್ತಿಕೊಂಡು, ಸೊಟ್ಟ ಬಾಯಲ್ಲೇ ನಗುತ್ತಾ ಹೇಳಿದಳು:

"ನಿನ್ನ ‘ಇಲ್ಲ’ ನಾನು ನಂಬಾಕಿಲ್ಲ ಕಣಮ್ಮ. ಅವತ್ತೂ ಹಿಂಗೇ ಇಲ್ಲ ಅಂದೆ. ಇತ್ತಲ್ಲ? ಬತ್ತೀನಿ."

ಬಸ್ಸಿನ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಹೋದಳು. ಬಸ್ಸು ಹೊರಟಿತು. ಅವಳು ಕಿಟಕಿಯಿಂದ ಕೈ ಹೊರಗೆ ಚಾಚಿ, ನನ್ನ ಕಡೆಗೆ ನೆಟಿಕೆ ಮುರಿದದ್ದು ಕಾಣಿಸಿತು.

ಇವತ್ತಿಗೂ ಸಂಜೆ ಲ್ಯಾಬಿನಿಂದ ಬಂದು ಬೀಗ ತೆಗೆಯುವಾಗ ಆ ಮಾತು ಬಾಯಿಗೆ ಬರುತ್ತದೆ, ಯಾರೂ ಇಲ್ಲ ಎಂದು. ಪೂರ್ತಿ ಹೇಳುವುದಿಲ್ಲ. ಒಂದು ಸಲ ಸರಿಯಾಗಿ ನೋಡದೆ ‘ಇಲ್ಲ’ ಅಂದವಳು ನಾನು. ಅರ್ಧಕ್ಕೇ ನಿಲ್ಲಿಸಿ ಒಳಗೆ ಹೋಗಿ ದೀಪ ಹಾಕುತ್ತೇನೆ.